ಅಂಗೈಯಗಲದ ಗಾಲಿಗೊಂದು ಗರಗಸ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನಮ್ಮ ಅತ್ತೆಗೆ ಮನೆಯಲ್ಲಿ ಅದುವರೆಗೂ ಕಾಣದಿದ್ದದ್ದೆಲ್ಲ ಕಾಣತೊಡಗಿತು. ತೊಲೆಯ ಸಂದಿನ ಜೇಡರ ಬಲೆ, ಹಾಲಿನ ಪಾತ್ರೆಯ ಕಂಠದಲ್ಲಿ ಉಳಿದ ಕರೆ, ನನ್ನ ಬೈತಲೆಯ ಪಕ್ಕದ ಬಿಳಿಗೂದಲು, ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಒಂದು ಬೆಳಗ್ಗೆ ಅವರ ಕಣ್ಣು ಹೊಲಿಗೆ ಮಿಷನ್ನಿನ ಪಕ್ಕದ ಕಿಟಕಿಯ ಮೇಲೆ ಬಿತ್ತು. ಅಂಟು ಒಣಗಲೆಂದು ಅಲ್ಲಿ ನಾನು ಮರದ ಪುಟ್ಟ ಎತ್ತಿನ ಗಾಡಿಯೊಂದನ್ನು ಇಟ್ಟಿದ್ದೆ. ಅವರು ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಗಾಲಿಯನ್ನು ಬೆರಳಿನಿಂದ ತಿರುಗಿಸಿದರು.

"ಇದೇನಮ್ಮಿ?"

"ಗಾಡಿ ಕಣತ್ತೆ. ಪಟ್ಟಣದ ಸ್ಕೂಲಿಗೆ ಕೇಳವ್ರೆ."

"ಗಾಡಿ ಅಂತ ಗೊತ್ತಾಯ್ತದೆ. ಗಾಲಿ ನೋಡ್ದಾ? ಒಂದು ಅರೆ ಉದ್ದ, ಒಂದು ಮೋಟು. ಇಂಥ ಗಾಡೀಲಿ ಕುಂತ್ರೆ ಮದ್ಲಿಂಗಿತ್ತಿ ಗಂಡನ ಮನೆ ಸೇರೋವೊತ್ಗೆ ಸೊಂಟ ಮುರ್ಕೊಂಡಿರ್ತಾಳೆ."

ನನಗೆ ನಗುವೂ ಬಂತು, ಒಳಗೊಳಗೇ ಉರಿಯೂ ಹತ್ತಿತು. ಅವರು ಹೇಳಿದ್ದು ನಿಜವಾಗಿತ್ತು. ಗಾಲಿ ತಿರುಗುವಾಗ ಏರಿಳಿಯುತ್ತಿತ್ತು. ಗಾಲಿಯ ನಡುವಿನ ಗುಂಬದಿಂದ ಹೊರಸುತ್ತಿಗೆ ಹೋಗುವ ಕಡ್ಡಿಗಳಿಗೆ ನಮ್ಮಲ್ಲಿ ಅರೆ ಅನ್ನುತ್ತಾರೆ. ಆ ಅರೆಗಳಲ್ಲಿ ಒಂದಕ್ಕೊಂದು ಹೊಂದುವಂಥವು ಬಹಳ ಇರಲಿಲ್ಲ.

ನಾನು ಅರಕೆರೆಯಲ್ಲಿ ಬಟ್ಟೆ ಹೊಲಿಯುವವಳು. ನಾಲೆ ನೀರಿನ ಊರು ನಮ್ಮದು. ಗಂಡ ಭತ್ತ, ಕಬ್ಬು ಅಂತ ಗದ್ದೆ ಕಡೆ ಇರುತ್ತಾರೆ, ನಾನು ಕತ್ತರಿ ಹಿಡಿದು ಮನೆಯಲ್ಲಿರುತ್ತೇನೆ. ಊರಿನ ಎಷ್ಟೋ ಹೆಣ್ಣುಮಕ್ಕಳು ಧಾರೆಗೆ ಕೂತದ್ದು ನಾನು ಹೊಲಿದ ರವಿಕೆ ತೊಟ್ಟು. ತೋಳಿನ ಸುತ್ತಿನಲ್ಲಿ ಒಂದು ನೂಲು ಹೆಚ್ಚುಕಡಿಮೆಯಾಗದಂತೆ ಕತ್ತರಿಸುತ್ತೇನೆ ಎಂಬ ಹೆಮ್ಮೆ ನನಗಿದೆ, ಅದನ್ನು ಮುಚ್ಚಿಡುವ ಅಭ್ಯಾಸವಿಲ್ಲ. ಮರದ ಕೆಲಸ ಶುರುವಾದದ್ದು ಮಗಳ ಗೊಂಬೆಗೊಂದು ಮಂಚ ಮಾಡಿದಾಗ. ಬಾಗಿಲು ಕೂರಿಸಲು ಬಂದಿದ್ದ ಬಡಗಿಗಳು ಬಿಟ್ಟುಹೋದ ತೇಗದ ಚೂರುಗಳನ್ನು ಒಲೆಗೆ ಹಾಕಲು ಮನಸ್ಸು ಬಂದಿರಲಿಲ್ಲ. ಮಂಚ ಆದ ಮೇಲೆ ಏಣಿಯಾಯಿತು, ಒನಕೆಯಾಯಿತು, ಈಳಿಗೆಮಣೆಯಾಯಿತು. ಮಗಳು ಗೊಂಬೆ ಬಿಟ್ಟು ಕಾಲೇಜು ಸೇರಿದಳು. ನಾನು ಮಾತ್ರ ಬಿಡಲಿಲ್ಲ.

ಶ್ರೀರಂಗಪಟ್ಟಣವನ್ನು ನಾವು ಬರೀ ಪಟ್ಟಣ ಅನ್ನುತ್ತೇವೆ. ಅಲ್ಲಿನ ಒಂದು ಶಾಲೆಯ ಹೆಡ್‌ಮೇಡಂ ನನ್ನ ಹತ್ತಿರವೇ ರವಿಕೆ ಹೊಲಿಸುತ್ತಾರೆ. ಅಳತೆ ಕೊಡಲು ಬಂದಾಗ ಕಿಟಕಿಯಲ್ಲಿದ್ದ ಏಣಿಯನ್ನು ಅಂಗೈ ಮೇಲೆ ನಿಲ್ಲಿಸಿ ನೋಡಿದ್ದರು.

"ನಮ್ಮ ಮಕ್ಕಳು ಟ್ರಾಕ್ಟರು ಕಂಡಿದ್ದಾರೆ, ಗಾಡಿ ಕಂಡಿಲ್ಲ ಕಣಮ್ಮ. ಒಂದು ಎತ್ತಿನ ಗಾಡಿ ಮಾಡಿಕೊಡ್ತೀರಾ? ಗಾಜಿನ ಪೆಟ್ಟಿಗೆಯಲ್ಲಿ ಇಡೋಣ. ನೊಗ ಯಾವುದು, ಅಚ್ಚು ಯಾವುದು ಅಂತ ಮಕ್ಕಳು ಬೆರಳು ತೋರಿಸಿ ಹೇಳೋ ಹಾಗಿರಬೇಕು" ಅಂದಿದ್ದರು.

ಒಪ್ಪಿಕೊಂಡದ್ದು ಸುಲಭವಾಗಿತ್ತು. ಗಾಲಿಯ ಅಗಲ ನನ್ನ ಅಂಗೈಯಷ್ಟು, ಅರೆಯ ದಪ್ಪ ಊದುಬತ್ತಿಯಷ್ಟು. ಗಂಡ ಪೈಪು ಕುಯ್ಯಲು ಇಟ್ಟುಕೊಂಡಿದ್ದ ಹ್ಯಾಕ್ಸಾ ಬ್ಲೇಡಿನ ಮುರಿದ ತುಂಡಿಗೆ ಬಟ್ಟೆ ಸುತ್ತಿಕೊಂಡು ನಾನು ಅದುವರೆಗೂ ಕೆಲಸ ಮಾಡುತ್ತಿದ್ದೆ. ಮಂಚಕ್ಕೆ, ಏಣಿಗೆ ಅದು ಸಾಕಾಗಿತ್ತು. ಗಾಡಿಗೆ ಸಾಕಾಗಲಿಲ್ಲ. ಬ್ಲೇಡು ಹೋದ ದಾರಿಯೇ ಅರೆಯ ಅರ್ಧ ದಪ್ಪವನ್ನು ತಿಂದುಬಿಡುತ್ತಿತ್ತು. ಗೆರೆಯ ಈಚೆ ಕುಯ್ದರೆ ಕಡ್ಡಿ ಮೋಟಾಗುತ್ತಿತ್ತು, ಆಚೆ ಕುಯ್ದರೆ ಉದ್ದವಾಗುತ್ತಿತ್ತು. ತುದಿಯಲ್ಲಿ ಮರ ಸಿಬಿರೆದ್ದು ಗುಂಬದ ತೂತಿಗೆ ಇಳಿಯುತ್ತಿರಲಿಲ್ಲ.

ಅತ್ತೆಯ ಮಾತು ಕೇಳಿದ ದಿನವೇ ಆ ಗಾಡಿಯನ್ನು ಬಿಸಿನೀರಿನಲ್ಲಿ ಹಾಕಿ ಅಂಟು ಬಿಡಿಸಿದೆ. ರವಿಕೆಯಾದರೂ ಅಷ್ಟೇ, ಓರೆ ಹೋದ ಹೊಲಿಗೆಯನ್ನು ಇಸ್ತ್ರಿ ಹಾಕಿ ಮರೆಸುವುದು ನನಗೆ ಸೇರದು.

ಮೊದಲು ಪಟ್ಟಣದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಸಣ್ಣ ಗರಗಸ ಬೇಕು ಅಂದೆ.

"ಯಜಮಾನ್ರಿಗಾ?" ಅಂದರು ಅಂಗಡಿಯವರು.

"ನಂಗೇ."

"ಗಿಡ ಕತ್ತರಿಸೋಕಾ?"

"ಊದುಬತ್ತಿ ದಪ್ಪದ ಮರ ಕುಯ್ಯೋಕೆ."

ಅವರು ದಾಳಿಂಬೆ ಗಿಡ ಸವರುವಂಥ ಮಡಚುವ ಗರಗಸವೊಂದನ್ನು ಮುಂದಿಟ್ಟರು. ಅದರ ಹಲ್ಲುಗಳು ಹಲಸಿನ ಮುಳ್ಳಿನಂತಿದ್ದವು. ಊದುಬತ್ತಿಯನ್ನು ಅದಕ್ಕೆ ಕೊಟ್ಟರೆ ಪುಡಿಯೇ ಸಿಗುತ್ತಿತ್ತು. ಪಾಂಡವಪುರದಲ್ಲಿ ಬೆರಳುದ್ದದ ಚೌಕಟ್ಟಿನ ಚಿಕ್ಕ ಹ್ಯಾಕ್ಸಾ ಸಿಕ್ಕಿತು. ಹಲ್ಲು ಸಣ್ಣದಿತ್ತು, ಆದರೆ ಎಲೆ, ಅಂದರೆ ಅದರ ಬ್ಲೇಡು, ಅಲುಗಾಡುತ್ತಿತ್ತು. ನನ್ನ ಚೀಲದಲ್ಲಿ ಸದಾ ಒಂದು ತೇಗದ ಕಡ್ಡಿ ಇರುತ್ತಿತ್ತು. ಅಂಗಡಿಯ ಮುಂದೆಯೇ ಅದನ್ನು ಕುಯ್ದು ನೋಡಿದೆ. ಗೆರೆ ಹಿಡಿದು ಶುರುವಾದದ್ದು ಅರ್ಧಕ್ಕೆ ಬರುವಷ್ಟರಲ್ಲಿ ಓರೆಯಾಗಿತ್ತು. ಬೇಡವೆಂದು ವಾಪಸು ಕೊಟ್ಟೆ.

"ಮೊಬೈಲಲ್ಲಿ ತರಿಸ್ಕೊ" ಅಂದರು ಗಂಡ. ತೆರೆದು ನೋಡಿದೆ. ಚಿತ್ರದಲ್ಲಿ ಎಲ್ಲ ಗರಗಸವೂ ಸಣ್ಣದೇ, ಎಲ್ಲವೂ ಹರಿತವೇ. ಕತ್ತರಿಯನ್ನೇ ಆಗಲಿ, ಬಾಯಿಗೆ ಬಟ್ಟೆಯ ಅಂಚು ಕೊಟ್ಟು ಅದರ ಸದ್ದು ಕೇಳದೆ ನಾನು ಕೊಂಡವಳಲ್ಲ. ಒಳ್ಳೆ ಕತ್ತರಿ ಬಟ್ಟೆಯಲ್ಲಿ ಓಡುವಾಗ ಬೇರೆಯೇ ಒಂದು ಸದ್ದು ಮಾಡುತ್ತದೆ. ಗರಗಸಕ್ಕೂ ಹಾಗೊಂದು ಸದ್ದು ಇರಲೇಬೇಕು ಅನ್ನಿಸಿತು. ಮೊಬೈಲು ಮುಚ್ಚಿಟ್ಟೆ.

ಅಷ್ಟರಲ್ಲಿ ಅತ್ತೆ ನಾಗಮಂಗಲಕ್ಕೆ ಹೊರಟರು. ಅಲ್ಲಿ ಅವರ ತಂಗಿಯ ಮನೆಯಿದೆ. "ಕಣ್ಣು ಬಂದದೆ, ಒಸಿ ಅವಳ ಮೊಖ ನೋಡ್ಬುಟ್ ಬತ್ತೀನಿ" ಎಂದು ಹಟ ಹಿಡಿದರು. ಜೊತೆಗೆ ನಾನು ಹೋದೆ. ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಹೆಂಗಸರ ಟಿಕೆಟ್ಟು ಹರಿಸಿಕೊಂಡು ಕೂತೆವು. ದಾರಿಯುದ್ದಕ್ಕೂ ಅತ್ತೆ ಅಂಗಡಿಗಳ ಬೋರ್ಡು ಕೂಡಿಸಿ ಕೂಡಿಸಿ ಓದಿದರು.

ತಂಗಿಯ ಮನೆಯ ಪಕ್ಕದಲ್ಲೇ ಹಿತ್ತಾಳೆ ವಿಗ್ರಹಗಳಿಗೆ ಕೊನೆಯ ಕೆತ್ತನೆ ಮಾಡುವ ಒಬ್ಬರಿದ್ದರು. ಎರಕದಿಂದ ಬಂದ ಮೂರ್ತಿಗೆ ಕಣ್ಣು, ಬೆರಳು, ಪ್ರಭಾವಳಿಯ ಬಳ್ಳಿ ಬಿಡಿಸುವುದು ಅವರ ಕೆಲಸ. ನಾನು ಗರಗಸ ಹುಡುಕುತ್ತಿರುವ ಸುದ್ದಿಯನ್ನು ಅತ್ತೆ ಕಾಫಿ ಕುಡಿಯುವ ಮೊದಲೇ ಎಲ್ಲರಿಗೂ ಹೇಳಿ ಮುಗಿಸಿದ್ದರು. ಪಕ್ಕದ ಮನೆಯವರು ನನ್ನನ್ನು ಕರೆದು ತಮ್ಮ ಮಣೆಯ ಮುಂದೆ ಕೂರಿಸಿದರು.

ಅವರ ಗರಗಸ ಬಿಲ್ಲಿನಂತಿತ್ತು. ಎರಡು ತುದಿಗೆ ಬಿಗಿದಿದ್ದ ಎಲೆ ನೂಲಿಗಿಂತ ಸ್ವಲ್ಪವೇ ದಪ್ಪ. ಬೆರಳಾಡಿಸಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಬೆಕ್ಕಿನ ನಾಲಿಗೆ.

"ಕುಯ್ದು ನೋಡವ್ವ" ಅಂದರು.

ನನ್ನ ಕಡ್ಡಿಯನ್ನು ಕುಯ್ದೆ. ಮರ ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಒಂದು ಚೂರೂ ಸಿಬಿರಿಲ್ಲ. ಅಳುವಷ್ಟು ಸಂತೋಷವಾಯಿತು ನನಗೆ. ಆಮೇಲೆ ಕುಯ್ದ ಮುಖವನ್ನು ಕಣ್ಣಿನ ಮಟ್ಟಕ್ಕೆ ಹಿಡಿದೆ. ಮೇಲಿಂದ ಕೆಳಕ್ಕೆ ಅದು ಸಣ್ಣಗೆ ಬಳುಕಿತ್ತು. ಇನ್ನೊಂದು ಕುಯ್ದೆ, ಅದೂ ಹಾಗೇ. ಅವರು ನೋಡುತ್ತಲೇ ಇದ್ದರು.

"ನಿಮ್ ಕೈದಲ್ಲ ಕಣವ್ವ ಅದು. ಈ ಎಲೆ ಉಟ್ಟಿರೋದೇ ಬಳುಕೋಕೆ. ಬಳ್ಳಿ, ಸುತ್ತು ಬುಡಿಸೋಕೆ ಇದ್ನ ಬುಟ್ರಿಲ್ಲ. ನೆಟ್ಟಗೆ ಕುಯ್ಯೋಕೆ ಬೆನ್ನಿರೋ ಗರಗಸ ಬೇಕು. ಬೆನ್ನು ಅಂದ್ರೆ, ಮೇಲ್ಗಡೆ ದಪ್ಪ ಪಟ್ಟಿ ಒಡ್ದಿರ್ತಾರೆ ನೋಡಿ, ಅಂಥದ್ದು. ಎಲೆ ತೆಳ್ಳಗಿದ್ರೂವೆ ಬಾಗಕಿಲ್ಲ."

ಬೆನ್ನಿರುವ ಗರಗಸ ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಹತ್ತಿರ ಅದಿರಲಿಲ್ಲ. ಹೊರಡುವಾಗ ಹಳೆಯ ಬಿಲ್ಲೊಂದನ್ನೂ ಒಂದು ಹಿಡಿ ಎಲೆಗಳನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. "ಗಾಲಿ ಒರಸುತ್ತು ದುಂಡಗಿರ್ತದಲ್ಲ, ಅದಕ್ಕೆ ಬೇಕಾಯ್ತದೆ" ಅಂದರು. ಬೇಡವೆಂದರೂ ಕೇಳಲಿಲ್ಲ. ಗಾಡಿ ಮುಗಿದ ಮೇಲೆ ಒಂದು ಸಲ ತಂದು ತೋರಿಸಬೇಕು, ಅಷ್ಟೇ ಅವರು ಕೇಳಿದ್ದು.

ನನ್ನ ತವರು ಸಿಂಧಘಟ್ಟ. ಮಾರನೆಯ ದಿನ ಅಲ್ಲಿಗೆ ಹೋಗಿ ಬರೋಣವೆಂದು ಕೆ.ಆರ್. ಪೇಟೆಯ ಬಸ್ಸು ಹತ್ತಿದೆವು. ಪೇಟೆಯಲ್ಲಿ ಇಳಿದು ಸಿಂಧಘಟ್ಟದ ಬಸ್ಸಿಗೆ ಕಾಯಬೇಕಿತ್ತು. ಬಸ್‌ಸ್ಟಾಂಡಿನ ಹಿಂದಿನ ಬೀದಿಯಲ್ಲಿ ಬಡಗಿ ಸಾಮಾನು ಮಾರುವ ಒಂದು ಅಂಗಡಿ ಕಾಣಿಸಿತು. ಬಾಗಿಲ ಬಳಿ ಉಳಿ, ಬಾಚಿ, ಹತ್ತರಿ ತೂಗುಹಾಕಿದ್ದರು. ಅಂಗಡಿಯ ಸಾಬರು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು.

"ಬೆನ್ನಿರೋ ಸಣ್ಣ ಗರಗಸ ಐತಾ?" ಅಂದೆ. ಹಿಂದಿನ ದಿನವಷ್ಟೇ ಕಲಿತ ಮಾತನ್ನು ಹುಟ್ಟಿದಾಗಿನಿಂದ ಬಲ್ಲವಳಂತೆ ಹೇಳಿದೆ.

ಸಾಬರು ಕನ್ನಡಕ ಕೆಳಗಿಳಿಸಿಕೊಂಡರು. "ಏನು ಕುಯ್ತೀರಾ ಬೇಟಿ?"

ಚೀಲದಿಂದ ಹಳೆಯ ಗಾಡಿಯ ಅರೆಗಳನ್ನೂ ತೇಗದ ಕಡ್ಡಿಯನ್ನೂ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಅವರು ಒಂದು ಅರೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿದರು. ಎದ್ದು ಒಳಗೆ ಹೋದರು. ಬಹಳ ಹೊತ್ತು ಡಬ್ಬ ಸರಿಸುವ ಸದ್ದು ಬಂತು. ಸಿಂಧಘಟ್ಟದ ಬಸ್ಸು ಬಂದು ಹೋಗಿದ್ದನ್ನು ಅತ್ತೆ ಹೇಳಿದರು. ಹೋಗಲಿ ಅಂದೆ.

ಸಾಬರು ಎರಡು ಗರಗಸ ತಂದರು. ತಂಬೂರಿ ಮಾಡುವ ಒಬ್ಬರು ಹೇಳಿ ತರಿಸಿ, ಆಮೇಲೆ ಈ ಕಡೆ ಬರಲೇ ಇಲ್ಲವಂತೆ. ಒಂದಕ್ಕೆ ಹಿತ್ತಾಳೆಯ ಬೆನ್ನು, ದುಂಡು ಹಿಡಿ. ಇನ್ನೊಂದರ ಬೆನ್ನು ಉಕ್ಕಿನದು, ಹಿಡಿ ಲಟ್ಟಣಿಗೆಯಷ್ಟುದ್ದ, ಎಲೆ ಮಾತ್ರ ತೆಂಗಿನ ಗರಿಗಿಂತ ತೆಳ್ಳಗೆ. ಹಲ್ಲುಗಳು ಹೇನು ತೆಗೆಯುವ ಬಾಚಣಿಗೆಯಂತೆ ಒತ್ತೊತ್ತಾಗಿದ್ದವು.

ಮೊದಲು ಹಿತ್ತಾಳೆಯದನ್ನು ಹಿಡಿದೆ. ನೆಟ್ಟಗೆ ಹೋಯಿತು. ಕುಯ್ದ ಮುಖ ಕನ್ನಡಿಯಂತಿತ್ತು. ಇದೇ ಸಾಕು ಅನ್ನಿಸಿತು. ಆದರೂ ಇನ್ನೊಂದು ಕಡೆ ಅರ್ಧಕ್ಕೆ ಕುಯ್ದು, ಹಲ್ಲು ತಿಂದ ದಾರಿಯಲ್ಲಿ ಉಗುರು ಇಳಿಸಿ ನೋಡಿದೆ, ಇಳಿಯಿತು. ಅದು ನನ್ನ ಅರೆಗಳಿಗೆ ಇನ್ನೂ ಅಗಲವೇ. ಎರಡನೆಯದನ್ನು ಹಿಡಿದೆ. ಮುಂದಕ್ಕೆ ತಳ್ಳಿದೆ. ಎಲೆ ಮರಕ್ಕೆ ಕಚ್ಚಿಕೊಂಡು ಕಾಗದದಂತೆ ಸೊಟ್ಟಗಾಯಿತು. ಮತ್ತೆ ತಳ್ಳಿದೆ, ಮತ್ತೆ ಹಾಗೇ. ಇಷ್ಟು ತೆಳ್ಳಗಿದ್ದರೆ ತಡೆಯುವುದಿಲ್ಲ ಎಂದು ಕೆಳಗಿಟ್ಟೆ.

ಅತ್ತೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಇಲ್ ಕೊಡಿಲ್ಲಿ" ಎಂದು ಅದನ್ನು ಇಸಕೊಂಡು ಹಲ್ಲಿನ ಮೇಲೆ ಹೆಬ್ಬೆರಳು ಸವರಿದರು, ಒಂದು ಸಲ ಆ ಕಡೆ, ಒಂದು ಸಲ ಈ ಕಡೆ.

"ಅಮ್ಮಿ, ಭತ್ತ ಕುಯ್ಯುವಾಗ ಕುಡ್ಲ ತಳ್ತೀಯಾ, ಎಳೀತೀಯಾ?"

"ಎಳೀತೀನಿ."

"ಇದ್ರ ಅಲ್ಲುಗಳೂ ನಮ್ ಕಡೀಕೆ ತಿರುಗವೆ ನೋಡು. ಎಳಿ."

ಸಾಬರು ನಕ್ಕರು. "ಅಮ್ಮ ಬರೋಬ್ಬರ್ ಹೇಳ್ತಾರೆ. ನಾನೇ ಹೇಳಬೇಕಿತ್ತು. ಎಳೆಯೋ ಗರಗಸ ಅದು."

ಕಡ್ಡಿಯ ಗೆರೆಯ ಮೇಲೆ ಹಲ್ಲಿಟ್ಟು ಭಾರ ಹಾಕದೆ ನನ್ನ ಕಡೆಗೆ ಎಳೆದೆ. ತಳ್ಳಿದಾಗ ಮಡಚಿಕೊಳ್ಳುತ್ತಿದ್ದ ಎಲೆ ಎಳೆದಾಗ ತಂತಿಯಂತೆ ನೆಟ್ಟಗಾಯಿತು. ಸಣ್ಣಗೆ, ಜರಿ ಸೀರೆ ಮಡಿಸುವಾಗ ಬರುವಂಥ ಒಂದು ಸದ್ದು ಬಂತು. ತುಂಡು ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು. ಪಕ್ಕದಲ್ಲಿ ಇನ್ನೊಂದನ್ನು ಅರ್ಧಕ್ಕೆ ಕುಯ್ದು ನೋಡಿದೆ, ದಾರಿಯಲ್ಲಿ ಉಗುರು ಇಳಿಯಲಿಲ್ಲ. ಎರಡು ತುಂಡನ್ನೂ ಮತ್ತೆ ಜೋಡಿಸಿ ಹಿಡಿದರೆ ಕುಯ್ದದ್ದೆಲ್ಲಿ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ನಾನು ಅತ್ತೆಯ ಮುಂದೆ ಹಿಡಿದೆ. ಆ ಹೊಸ ಕಣ್ಣುಗಳಿಂದ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಊಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ರವಿಕೆ ಸರಿ ಕೂತಾಗಲೂ ಅವರು ಅಷ್ಟೇ ಅನ್ನುವುದು.

ಅದನ್ನೇ ತೆಗೆದುಕೊಂಡೆ. ತಂದಿಟ್ಟ ಹೊಸ ಎಮ್ಮೆಯನ್ನು ನೋಡಲು ಬರುವಂತೆ ಆ ಸಂಜೆ ಸಿಂಧಘಟ್ಟದಲ್ಲಿ ನಮ್ಮ ಮನೆಯವರೆಲ್ಲ ಬಂದು ಗರಗಸ ನೋಡಿದರು. ಅಣ್ಣ ಒಂದು ಜಾಲಿ ಕೊಂಬೆ ತಂದು "ಇದ್ನ ಕುಯ್ಯಿ ನೋಡಾನ" ಅಂದ. "ಇದ್ರಲ್ಲಿ ಸೌದೆ ಕುಯ್ತಾರೇನಣ್ಣ" ಎಂದು ನಾನು ಅದನ್ನು ಸೀರೆಯ ಮಡಿಕೆಯೊಳಗೆ ಇಟ್ಟುಬಿಟ್ಟೆ.

ಒಳ್ಳೆಯ ಗರಗಸ ಕೊಂಡ ಮಾತ್ರಕ್ಕೆ ಕೈ ಒಳ್ಳೆಯದಾಗುವುದಿಲ್ಲ. ಅರಕೆರೆಗೆ ಬಂದ ಮೇಲೆ ಮೊದಲ ಕೆಲವು ದಿನ ಕಡ್ಡಿಗಳನ್ನು ಸುಮ್ಮನೆ ತುಂಡು ಮಾಡಿದೆ. ಭಾರ ಹಾಕಿದರೆ ಹಲ್ಲು ತಡೆಯುತ್ತಿತ್ತು, ಅವಸರಪಟ್ಟರೆ ಗೆರೆ ಬಿಡುತ್ತಿತ್ತು. ಪೆನ್ಸಿಲಿನ ಗೆರೆ ಗರಗಸದ ದಾರಿಗಿಂತ ದಪ್ಪವಾಯಿತು. ಪೆನ್ಸಿಲು ಬಿಟ್ಟು ಹೊಲಿಗೆ ಸೂಜಿಯಿಂದ ಗೀರಿದೆ. ಆ ಗೀರಿನಲ್ಲಿ ಹಲ್ಲು ತಾನೇ ಹೋಗಿ ಕೂತುಕೊಂಡಿತು. ಅದು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡದ್ದು. ಮೂರು ಪಟ್ಟಿ ಸೇರಿಸಿ ದೋಣಿಯಂಥ ಒಂದು ಸಣ್ಣ ತೊಟ್ಟಿ ಮಾಡಿದೆ, ಅದರ ಎರಡೂ ಗೋಡೆಗೆ ನೆಟ್ಟಗೆ ಒಂದು ಸೀಳು ಹಾಕಿದೆ, ಕೊನೆಗೊಂದು ಅಡ್ಡಕಟ್ಟೆ ಅಂಟಿಸಿದೆ. ಕಡ್ಡಿಯನ್ನು ಕಟ್ಟೆಗೆ ತಾಗಿಸಿ ಸೀಳಿನಲ್ಲಿ ಗರಗಸ ಎಳೆದರೆ ಎಲ್ಲ ಅರೆಗಳೂ ಒಂದೇ ಉದ್ದ. ಅಂದು ಮಧ್ಯಾಹ್ನ ಅರೆಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ನಿಲ್ಲಿಸಿ ಅವುಗಳ ತಲೆಯ ಮೇಲೆ ಸ್ಕೇಲು ಇಟ್ಟೆ. ಸ್ಕೇಲಿನ ಕೆಳಗೆ ಎಲ್ಲೂ ಬೆಳಕು ನುಸುಳಲಿಲ್ಲ. ಊಟ ಮಾಡದೆ ಅದನ್ನೇ ನೋಡುತ್ತ ಕೂತೆ.

ಹೊರಸುತ್ತನ್ನು ನಾಗಮಂಗಲದವರ ಬಿಲ್ಲಿನಿಂದ ಬಿಡಿಸಿದೆ. ಗಾಡಿಯ ಮೇಲಿನ ಭಾಗಕ್ಕೆ ಅತ್ತೆಯೇ ದಿಕ್ಕು. ಅವರ ತವರು ಚಿನಕುರಳಿ. ಮದುವೆಯಾದಾಗ ಬಿದಿರ ಕಮಾನು ಹಾಕಿದ ಗಾಡಿಯಲ್ಲಿ ಕೂತು ಅರಕೆರೆಗೆ ಬಂದವರು. ಅವರು ಪಕ್ಕದಲ್ಲಿ ಕೂತು ಹೇಳುತ್ತ ಹೋದರು, ನಾನು ಕುಯ್ಯುತ್ತ ಹೋದೆ.

"ಗಾಡಿ ಪಕ್ಕದ ಗೂಟ ಓರೆಯಾಗಿರ್ಬೇಕು, ನೆಟ್ಟಗೆ ನಿಲ್ಲಿಸ್ಬ್ಯಾಡ. ನಾನು ದಾರೀಯುದ್ದಕ್ಕೂ ಒಂದು ಗೂಟ ಇಡ್ಕೊಂಡೇ ಕುಂತಿದ್ದೆ. ಕೈಗೆ ಎಂಗೆ ಸಿಕ್ತು ಅಂತ ಇನ್ನೂ ನೆಪ್ಪೈತೆ."

"ಯಾಕತ್ತೆ, ಬೀಳ್ತೀನಿ ಅಂತ ಭಯನಾ?"

"ಅಳು ಬತ್ತಿತ್ತು ಕಣಮ್ಮಿ. ಏನಾರ ಇಡ್ಕೊಂಡ್ರೆ ಅಳು ತಡೀತದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತು ನನಗೆ ಗೊತ್ತಿರಲಿಲ್ಲ. ನಾನೂ ಸಿಂಧಘಟ್ಟದಿಂದ ಮದುವೆ ವ್ಯಾನಿನಲ್ಲಿ ಬಂದಾಗ ಮುಂದಿನ ಸೀಟಿನ ಕಂಬಿಯನ್ನು ಬಿಟ್ಟಿರಲಿಲ್ಲ. ಅದನ್ನು ಹೇಳಿದೆ. ಅತ್ತೆ ನನ್ನ ಮುಖ ನೋಡಿ, "ಆವತ್ತು ನಿನ್ ಕಣ್ಣು ಕೆಂಪಗಿತ್ತು. ನಾನು ಕಂಡಿದ್ದೆ" ಅಂದರು.

ಗಾಡಿ ಮುಗಿಯಿತು. ನೊಗ ಎತ್ತುಗಳ ಕೊರಳಿಗೆ ಕೂರುವಲ್ಲಿ ಸವೆದ ಹಾಗೆ ಸ್ವಲ್ಪ ತಗ್ಗು ಮಾಡಿದೆ, ಅದೂ ಅತ್ತೆ ಹೇಳಿದ್ದೇ. ಗಂಡ ಗದ್ದೆಯಿಂದ ಬಂದವರು ಕೈ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಂಡ ಮೇಲೆಯೇ ಅದನ್ನು ಮುಟ್ಟಿದರು. ಅತ್ತೆ ಜಗಲಿಯ ನುಣುಪು ನೆಲದ ಮೇಲೆ ಗಾಡಿ ಇಟ್ಟು, ನೊಗದ ತನಕ ಚಾಚಿದ ಮೂಕಿಯನ್ನು ಬೆರಳಿಂದ ನೂಕಿದರು. ಅದು ಸದ್ದಿಲ್ಲದೆ, ಅತ್ತಿತ್ತ ವಾಲದೆ, ಗೋಡೆಯ ತನಕ ಹೋಗಿ ನಿಂತಿತು. ನೋಡಲು ಬಂದಿದ್ದ ಅಕ್ಕಪಕ್ಕದ ಹೆಂಗಸರಲ್ಲಿ ಒಬ್ಬರು ಇನ್ನೊಂದು ಸಲ ಬಿಡಿ ಅಂದರು. ಇನ್ನೊಂದು ಸಲವೂ ಹಾಗೇ ಹೋಯಿತು.

ಮೊದಲು ನಾಗಮಂಗಲಕ್ಕೆ ಒಯ್ದು ತೋರಿಸಿದೆವು. ಬಿಲ್ಲು ಕೊಟ್ಟಿದ್ದವರು ಗಾಡಿಯನ್ನು ತಿರುವಿ ಅಡಿಯನ್ನೇ ನೋಡಿದರು. ಕಾಣದ ಕಡೆಯ ಕೆಲಸ ನೋಡಿ ತಲೆ ಆಡಿಸಿ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕಲು ಹಿತ್ತಾಳೆಯ ಎರಡು ಪುಟ್ಟ ಕಡಾಣಿಗಳನ್ನು ಅಲ್ಲೇ ಕೂತು ಮಾಡಿಕೊಟ್ಟರು.

ಶಾಲೆಗೆ ಅತ್ತೆಯೂ ಬಂದರು. ಹೆಡ್‌ಮೇಡಂ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಸಿದ್ಧವಿತ್ತು. ಗಾಡಿಯನ್ನು ಒಳಗಿಡುವ ಮೊದಲು ಮಕ್ಕಳನ್ನು ಕರೆಸಿದರು. ಗೂಟ, ಮೂಕಿ, ನೊಗ, ಗುಂಬ ಎಂದು ಅತ್ತೆ ಒಂದೊಂದನ್ನೇ ತೋರಿಸಿ ಹೇಳಿದರು, ಮಕ್ಕಳು ಒಟ್ಟಿಗೆ ಹೇಳಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅರೆಗಳೆಲ್ಲ ಒಂದೇ ಮಿಷನ್ನಿನಲ್ಲಿ ಕುಯ್ದದ್ದಾ ಎಂದು ಕೇಳಿದಳು.

"ಇಲ್ಲ ಮಗ, ಕೈಯಲ್ಲಿ" ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

ಪೆಟ್ಟಿಗೆಯ ಕೆಳಗೆ ಅಂಟಿಸುವ ಚೀಟಿಗೆ ಹೆಡ್‌ಮೇಡಂ ಪೆನ್ನು ತೆಗೆದರು. ನನ್ನ ಹೆಸರು ಬರೆದು, "ಟೈಲರ್, ಅರಕೆರೆ ಅಂತ ಹಾಕ್ಲಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬಟ್ಟೆ ಒಲಿಯೋದು ಬ್ಯಾರೆ ಇಚಾರ. ಇಲ್ಲಿ ಬಡಗಿ ಅಂತ ಬರೀರವ್ವ" ಅಂದರು.

ಮೇಡಂ ನನ್ನ ಕಡೆ ನೋಡಿದರು. ಹೂಂ ಅಂತ ತಲೆ ಆಡಿಸಿದೆ. ಅವರು ಹಾಗೇ ಬರೆದರು, ದುಂಡಗಿನ ಅಕ್ಷರದಲ್ಲಿ, ಮಸಿ ಒಣಗಲೆಂದು ಒಂದು ಸಲ ಊದಿದರು.